ಅಟ್ಟದ ಮೇಲಿನ ಗಿಟುಕು

ಅರಸೀಕೆರೆ ಸುತ್ತಿನ ಹಳ್ಳಿಗಳಲ್ಲಿ ಆಗ ಅಟ್ಟವೆಂದರೆ ಕೊಬ್ಬರಿಯ ಅಟ್ಟ. ಕಾಯಿಯನ್ನು ಮಟ್ಟೆ ಸಮೇತ ಮೇಲೇರಿಸಿದರೆ ಹತ್ತು ಹನ್ನೊಂದು ತಿಂಗಳು ಯಾರೂ ಮುಟ್ಟುತ್ತಿರಲಿಲ್ಲ. ಒಳಗಿನ ನೀರು ಇಂಗಿ, ತಿರುಳು ಚಿಪ್ಪಿನಿಂದ ಬಿಟ್ಟುಕೊಂಡು ಉಂಡೆಯಾಗುತ್ತಿತ್ತು. ಆ ಉಂಡೆಗೆ ಗಿಟುಕು ಎನ್ನುತ್ತಿದ್ದೆವು. ಕಾಯಿಯನ್ನು ಕಿವಿಗಿಟ್ಟು ಅಲ್ಲಾಡಿಸಿದರೆ ಲೊಟಕ್ ಎನ್ನಬೇಕು. ಕಾಯಿ ಇಳಿಸುವ ದಿನಗಳಲ್ಲಿ ನಮಗೆ ಅದೇ ಆಟ. 'ಬಿಟ್ಟೈತೆ' ಎಂದು ಒಬ್ಬರು, 'ಬಿಟ್ಟಿಲ್ಲ' ಎಂದು ಇನ್ನೊಬ್ಬರು. ಗೆದ್ದವರಿಗೆ ಮೊಳೆತ ಕಾಯಿಯೊಳಗಿನ ಸಿಹಿ ತಿರುಳು. ನಾನು ಸೋಲುತ್ತಿದ್ದುದೇ ಕಡಿಮೆ.

ನನಗೆ ಎಂಟು ವರ್ಷವಾಗಿದ್ದಾಗ ಆ ಆಟದಿಂದಲೇ ನಮ್ಮ ಅವ್ವನ ಹೆಸರು ಮತಪತ್ರದಿಂದ ಅಳಿಸಿಹೋಯಿತು.

ಪಂಚಾಯಿತಿಯಲ್ಲಿ ಹೆಂಗಸರಿಗೆ ಮೀಸಲು ಬಂದ ಹೊಸದು. ನಮ್ಮ ಕೇರಿಯ ಸ್ಥಾನ ಪರಿಶಿಷ್ಟ ಜಾತಿಯ ಹೆಂಗಸಿಗೆಂದು ಬಂತು. ನಮ್ಮೂರಿನಲ್ಲಿ ಚುನಾವಣೆ ಎಂದೂ ಮತಪೆಟ್ಟಿಗೆಯವರೆಗೆ ಹೋದದ್ದಿಲ್ಲ. ರಂಗನಾಥನ ಗುಡಿಯ ಜಗಲಿಯ ಮೇಲೆ ಹಿರಿಯರು ಕೂತು ಒಬ್ಬೊಬ್ಬರ ಹೆಸರು ಹೇಳುತ್ತಿದ್ದರು, ಕರ್ಪೂರ ಹಚ್ಚುತ್ತಿದ್ದರು. ಅಲ್ಲಿಗೆ ಅವಿರೋಧ ಆಯ್ಕೆ ಮುಗಿಯಿತು. ಈ ಸಲ ಯಜಮಾನ ರಂಗೇಗೌಡ ತನ್ನ ತೋಟದ ಆಳಿನ ಹೆಂಡತಿಯ ಹೆಸರು ಹೇಳಿದ. ಆಕೆ ಪಾಪ, ತೋರಿಸಿದಲ್ಲಿ ಹೆಬ್ಬೆಟ್ಟು ಒತ್ತುವವಳು.

ಅವ್ವ ಏಳನೇ ಕ್ಲಾಸು ಓದಿದ್ದಳು. ನೀರಿನ ಪೈಪು ಊರೆಲ್ಲ ಸುತ್ತಿ ನಮ್ಮ ಕೇರಿಯ ಬಾಯಿಗೆ ಬಂದು ನಿಂತಿತ್ತು. ಅದನ್ನು ಒಳಗೆ ತರಿಸಬೇಕೆಂದೇ ಅವಳು ಚುನಾವಣೆಗೆ ನಿಲ್ಲಲು ಹೊರಟಳು. ಅಪ್ಪ ಅರಸೀಕೆರೆಯಲ್ಲಿ ರೈಲ್ವೆ ಗ್ಯಾಂಗ್‌ಮನ್. ಗೋಡೆಗೆ ಬುದ್ಧನ ಪಟ ತಂದು ಹಾಕಿದವನು, ನನಗೆ ಗೌತಮಿ ಎಂದು ಹೆಸರಿಟ್ಟವನು. ನಾಮಪತ್ರದ ಫಾರಂ ತಂದವನೂ ಅವನೇ. ಅವ್ವ ಅದನ್ನು ತಾನೇ ತುಂಬಿದಳು. ಅವಳಿಗೆ ಯಾವ ಚಿಹ್ನೆ ಸಿಗಬಹುದೆಂದು ನಾನು ದಿನವೂ ಯೋಚಿಸುತ್ತಿದ್ದೆ. ಹೊಲಿಗೆ ಯಂತ್ರ ಸಿಗಲೆಂದು ಇದ್ದಿಲಿನಲ್ಲಿ ಹಿತ್ತಲ ಗೋಡೆಯ ಮೇಲೆ ಬರೆದೂ ಬರೆದೂ ಕಲಿತಿದ್ದೆ.

ನಾಮಪತ್ರ ವಾಪಸು ಪಡೆಯಲು ಕೊನೆಯ ದಿನ ಮಧ್ಯಾಹ್ನ ಮೂರು ಗಂಟೆ. ಅಲ್ಲಿಯವರೆಗೆ ಅವ್ವ ಯಾರ ಕೈಗೂ ಸಿಗಬಾರದು. ಮೂರು ಹೊಡೆದರೆ ಹೆಸರು ಉಳಿಯಿತು, ಆಮೇಲೆ ಯಾರೂ ಏನೂ ಮಾಡುವ ಹಾಗಿಲ್ಲ. ಅಪ್ಪನಿಗೆ ಆ ದಿನ ರಜೆ ಸಿಗಲಿಲ್ಲ. ಹಳೇಬೀಡಿನ ಚಿಕ್ಕಮ್ಮನ ಮನೆಗೆ ಹೋಗೋಣವೆಂದರೆ ಹಿಂದಿನ ದಿನದಿಂದಲೇ ಬಸ್ ನಿಲ್ಲುವ ಕಡೆ ರಂಗೇಗೌಡನ ಹುಡುಗರು ಕೂತಿದ್ದರು.

ಜಾಗ ಕೊಟ್ಟವರು ನಿಂಗವ್ವ. ಅವ್ವ ಅವರ ಕೊಟ್ಟಿಗೆ ಗುಡಿಸಿ ಬೆರಣಿ ತಟ್ಟುತ್ತಿದ್ದಳು. ನಿಂಗವ್ವ ರಂಗೇಗೌಡನಿಗೆ ದೊಡ್ಡಪ್ಪನ ಹೆಂಡತಿ, ಗಂಡ ಸತ್ತ ಒಂಟಿ ಹೆಂಗಸು. ನಮ್ಮ ಜನ ಆ ಮನೆಯ ಹೊಸಿಲು ದಾಟಿದವರಲ್ಲ. ಹಾಗಾಗಿಯೇ ಅಲ್ಲಿ ಯಾರೂ ಹುಡುಕುವುದಿಲ್ಲ ಎಂದು ಅವರೇ ಹೇಳಿದರು.

ಆ ದಿನ ಬೆಳಿಗ್ಗೆ ಹಿತ್ತಲ ಬಾಗಿಲು ತೆಗೆದು ಅವ್ವನನ್ನೂ ನನ್ನನ್ನೂ ಒಳಗೆ ಬಿಟ್ಟುಕೊಂಡು, 'ಏಣಿ ಹತ್ತಿ ಸುಮ್ನೆ ಕೂತ್ಕಳಿ. ಅಡಿಗೆ ಮನೆ ಕಡೀಕ್ ಮಾತ್ರ ತಿರುಗಬ್ಯಾಡ ಶಾಂತಿ' ಎಂದರು.

'ಇಲ್ಲ ಅವ್ವಾರೆ.'

'ನನ್ನನ್ನ ಯಾರೂ ಯಾವತ್ತೂ ಏನೂ ಕೇಳ್ಲಿಲ್ಲ ಕಣೇ. ನೀನಾದ್ರೂ ನಿಂತ್ಕೊ.'

ಅಟ್ಟದ ಮೇಲೆ ಮಟ್ಟೆಯ ಧೂಳು, ಹಳೆಯ ಹೊಗೆಯ ವಾಸನೆ, ಎಣ್ಣೆ ಇಳಿದ ಕೊಬ್ಬರಿಯ ಕಮಟು. ಹೆಂಚಿನ ಸಂದಿಯಲ್ಲಿ ಮಾಲೇಕಲ್ಲಿನ ಬೆಟ್ಟದ ತುದಿ ಕಾಣುತ್ತಿತ್ತು. ಅವ್ವ ಸೆರಗಿನಲ್ಲಿ ರೊಟ್ಟಿ ಕಟ್ಟಿ ತಂದಿದ್ದಳು. ಒಂದು ಚೂರನ್ನೂ ತಿನ್ನಲಿಲ್ಲ. ಅಪ್ಪನ ಕೈಗಡಿಯಾರವನ್ನು ಕಟ್ಟಿಕೊಂಡು ಅದನ್ನೇ ನೋಡುತ್ತಿದ್ದಳು.

ಎರಡು ಗಂಟೆ ದಾಟಿದ ಮೇಲೆ ಬಾಗಿಲಲ್ಲಿ ಮೋಟಾರ್ ಬೈಕುಗಳ ಸದ್ದು.

'ದೊಡ್ಡವ್ವ, ಶಾಂತಿ ಈ ಕಡೀಕೇನಾದ್ರೂ ಬಂದಿದ್ಲಾ?' ರಂಗೇಗೌಡನ ದನಿ.

'ನನ್ ಮನೆ ಒಳೀಕೆ ಅವಳ್ಯಾಕ್ ಬತ್ತಾಳ್ಲಾ? ಕೊಟ್ಟಿಗೇಲಿ ನೋಡು. ಇದ್ರೆ ಹೇಳು, ಸಗಣಿ ಹಂಗೇ ಬಿದ್ದೈತೆ.'

ಯಾರೋ ನಕ್ಕರು. ಕೊಟ್ಟಿಗೆ ನೋಡಿ ಬಂದರು. ಬೈಕುಗಳು ಹೊರಟುಹೋದ ಸದ್ದು ಕೇಳಿತು. ಅವ್ವ ಗಡಿಯಾರ ನೋಡಿ, ನನ್ನ ಕಡೆ ತಿರುಗಿ ಮೊದಲ ಸಲ ಸ್ವಲ್ಪ ನಕ್ಕಳು.

ಹೆದರಿಕೆ ಇಳಿದಾಗ ಕೈ ತನ್ನ ಅಭ್ಯಾಸಕ್ಕೆ ಹೋಗುತ್ತದೆ. ಇದನ್ನು ನಾನು ಆಮೇಲೆ ಎಷ್ಟೋ ವರ್ಷ ನನಗೇ ಹೇಳಿಕೊಂಡಿದ್ದೇನೆ. ಪಕ್ಕದಲ್ಲಿದ್ದ ಒಂದು ಕಾಯಿಯನ್ನು ಎತ್ತಿ ಕಿವಿಗಿಟ್ಟು ಅಲ್ಲಾಡಿಸಿದೆ. ಅದು ಬಿಟ್ಟಿತ್ತು. ಲೊಟಕ್, ಲೊಟಕ್.

ಬೈಕುಗಳಲ್ಲಿ ಹೋದವರು ಹುಡುಗರು ಮಾತ್ರ. ರಂಗೇಗೌಡ ಪಡಸಾಲೆಯಲ್ಲಿ ಕೂತು ಮಜ್ಜಿಗೆ ಕುಡಿಯುತ್ತಿದ್ದ.

'ಏನ್ ದೊಡ್ಡವ್ವ ಅದು?'

'ಇಲಿ ಕಣ್ಲಾ.'

'ಇಲಿ ಕಡೀತದೆ ದೊಡ್ಡವ್ವ. ಕಿವಿಗಿಟ್ಟು ನೋಡಲ್ಲ.'

ಅವನು ಏಣಿ ಹತ್ತಲಿಲ್ಲ. ಅಂಗಳದಿಂದ ಒಣ ಮಟ್ಟೆ ಎಳೆತಂದು ಅಟ್ಟದ ಕೆಳಗೆ ಹಾಕುವುದು ಹಲಗೆಯ ಸಂದಿಯಲ್ಲಿ ಕಾಣುತ್ತಿತ್ತು. ಒಂದು, ಎರಡು, ಮೂರು. ನಿಂಗವ್ವ ಅವನ ರಟ್ಟೆ ಹಿಡಿದು ಎಳೆದರು. ಅವನು ಅವರನ್ನು ಗೋಡೆಗೆ ಒತ್ತಿ ನಿಲ್ಲಿಸಿ, ಬೆಂಕಿಕಡ್ಡಿ ಗೀರಿದ.

'ಶಾಂತಿ, ಮಗೀನೂ ಜೊತೇಲಿ ಐತೆ ಅಂತ ಗೊತ್ತು. ಮೇಲಿರೋದೆಲ್ಲ ಎಣ್ಣೆ ಕಾಯಿ. ಇಳ್ಕೊಂಡ್ ಬಾ' ಎಂದ. ದನಿ ಏರಿಸಲೇ ಇಲ್ಲ.

ಹೊಗೆ ಹಲಗೆಯ ಸಂದಿಯಿಂದ ಮೇಲೆ ಬಂತು. ಅವ್ವ ನನ್ನ ಬಾಯಿ ಮೂಗಿಗೆ ಸೆರಗು ಒತ್ತಿ ಹಿಡಿದು ಇನ್ನೊಮ್ಮೆ ಗಡಿಯಾರ ನೋಡಿದಳು. ಆಮೇಲೆ ಕಾಯಿಗಳನ್ನು ಕಾಲಲ್ಲಿ ಸರಿಸಿಕೊಂಡು ಏಣಿಯ ಕಡೆ ನಡೆದಳು. ಅವು ಒಂದರ ಮೇಲೊಂದು ಉರುಳುತ್ತಾ ಲೊಟಲೊಟ ಎಂದವು. ಆಗ ಎಷ್ಟು ಸದ್ದಾದರೇನು.

ನಾವು ಇಳಿದ ಮೇಲೆ ನಿಂಗವ್ವ ಉರಿಯುವ ಮಟ್ಟೆಗೆ ನೀರು ಸುರಿದರು. ಪಂಚಾಯಿತಿ ಆಫೀಸಿನಲ್ಲಿ ರಂಗೇಗೌಡ ನನ್ನ ಕೈ ಹಿಡಿದುಕೊಂಡಿದ್ದ. ದಾರಿಯಲ್ಲಿ ಅಂಗಡಿಯ ಮುಂದೆ ನಿಲ್ಲಿಸಿ ಕಡ್ಲೆ ಮಿಠಾಯಿ ಕೊಡಿಸಿದ್ದ. ಅವನ ಹೆಬ್ಬೆರಳು ನನ್ನ ಮಣಿಕಟ್ಟಿನ ಮೇಲಿತ್ತು. ಅವ್ವ ಅದನ್ನೇ ನೋಡುತ್ತಿದ್ದಳು.

'ಸ್ವಂತ ಇಷ್ಟದಿಂದ ತಾನೇನಮ್ಮಾ? ಯಾರದೂ ಬಲವಂತ ಇಲ್ಲವಲ್ಲ?' ಎಂದು ಚುನಾವಣೆ ಸಾಹೇಬರು ಕಾಗದದಿಂದ ತಲೆ ಎತ್ತದೆ ಕೇಳಿದರು.

'ಇಲ್ಲ ಸಾ.'

ಯಾರೋ ಶಾಯಿಯ ಪ್ಯಾಡನ್ನು ಅವಳ ಮುಂದೆ ತಳ್ಳಿದರು. ಅವ್ವ ಅದನ್ನು ಹಿಂದಕ್ಕೆ ಸರಿಸಿ ಪೆನ್ನು ಕೇಳಿ ಇಸಿದುಕೊಂಡು, ಪೂರ್ತಿ ಹೆಸರನ್ನು ಬಿಡಿಸಿ ಬಿಡಿಸಿ ಬರೆದಳು. ಗೋಡೆಯ ಗಡಿಯಾರದಲ್ಲಿ ಮೂರಕ್ಕೆ ಇನ್ನೂ ಹತ್ತು ನಿಮಿಷವಿತ್ತು.

ಮನೆಗೆ ನಡೆದು ಬಂದೆವು. ಮಿಠಾಯಿ ನನ್ನ ಕೈಯಲ್ಲೇ ಕರಗಿ ಅಂಟಾಗಿತ್ತು. ಕೇರಿಯ ಬಾಯಿಗೆ ಬಂದಾಗ, 'ಅವ್ವ, ನಾನು...' ಎಂದೆ.

'ಗಿಟುಕು ಬಿಟ್ಟಿತ್ತಾ?' ಎಂದು ಅವಳೇ ಕೇಳಿದಳು.

'ಹೂಂ.'

'ಮತ್ತೆ ಸದ್ದು ಬಂದೇ ಬತ್ತದೆ ಕಣವ್ವ.'

ಅಷ್ಟೇ. ಸಾಯುವವರೆಗೆ ಅವಳು ಅದರ ಮಾತು ಮತ್ತೆ ಎತ್ತಲಿಲ್ಲ. ಮರುದಿನ ನಿಂಗವ್ವ ಊರವರ ಎದುರೇ ಏಣಿಯನ್ನು ಸಗಣಿ ನೀರಿನಲ್ಲಿ ತೊಳೆದರಂತೆ. ಆಮೇಲೆ ಅವ್ವನನ್ನು ಕೆಲಸಕ್ಕೆ ಕರೆಯಲಿಲ್ಲ. ಅದು ಮುನಿಸೋ, ನಾಚಿಕೆಯೋ, ಭಯವೋ ನನಗೆ ಇಂದಿಗೂ ತಿಳಿದಿಲ್ಲ. ಹಿತ್ತಲ ಗೋಡೆಯ ಹೊಲಿಗೆ ಯಂತ್ರಗಳು ಮುಂದಿನ ಮಳೆಗೆ ಹೋದವು. ನಮ್ಮ ಕೇರಿಗೆ ನಲ್ಲಿ ಬರುವ ಹೊತ್ತಿಗೆ ನಾನು ಕಾಲೇಜು ಸೇರಿದ್ದೆ.

ಈಗ ನಮ್ಮೂರಲ್ಲಿ ಅಟ್ಟದ ಮನೆಗಳು ಬೆರಳೆಣಿಕೆಯಷ್ಟಿವೆ. ಹನ್ನೊಂದು ತಿಂಗಳು ಕಾಯುವವರಿಲ್ಲ, ಎಳನೀರಿಗೇ ಕೊಟ್ಟುಬಿಡುತ್ತಾರೆ. ಮಕ್ಕಳಿಗೆ ಗಿಟುಕಿನ ಆಟ ಗೊತ್ತಿಲ್ಲ. ಅದು ಹೋದದ್ದಕ್ಕೆ ನನಗೆ ದುಃಖವಿಲ್ಲ. ನಾನು ಕಳೆದುಕೊಂಡದ್ದು ಬೇರೆ. ಮೂರು ಹೊಡೆದರೆ ಯಾರೂ ಏನೂ ಮಾಡುವ ಹಾಗಿಲ್ಲ ಎಂದು ಅವ್ವ ನಂಬಿದ್ದಳಲ್ಲ, ಅಂಥ ನಂಬಿಕೆ ನನ್ನಲ್ಲಿ ಉಳಿದಿಲ್ಲ.

ಮೇಷ್ಟರ ಕೆಲಸ ಸಿಕ್ಕಿದ ಮೇಲೆ ಬೇಲೂರು ಕಡೆಯ ಒಂದು ಪಂಚಾಯಿತಿಗೆ ನನ್ನನ್ನು ಚುನಾವಣೆ ಡ್ಯೂಟಿಗೆ ಹಾಕಿದರು. ನಾಮಪತ್ರ ವಾಪಸಿನ ಮೇಜು ನನ್ನದು. ಮಧ್ಯಾಹ್ನ ಒಬ್ಬ ಹೆಂಗಸು ಬಂದಳು. ಬಾಗಿಲಲ್ಲಿ ನಾಲ್ಕು ಗಂಡಸರು ಕಡಲೆಕಾಯಿ ಸುಲಿಯುತ್ತಾ ನಿಂತಿದ್ದರು. ಒಬ್ಬನ ಕಂಕುಳಲ್ಲಿ ಮಗು. ಅದು ಅವಳ ಕಡೆ ಕೈ ಚಾಚುತ್ತಿತ್ತು. ನಾನು ಕೇಳಲೇಬೇಕಾದ ಪ್ರಶ್ನೆಯನ್ನು ಕೇಳಿದೆ, ತಲೆ ಎತ್ತಿಯೇ ಕೇಳಿದೆ.

'ಬಲವಂತ ಏನಿಲ್ಲ ಮೇಡಂ' ಎಂದಳು.

ಸೀಲು ಎದುರಿಗೇ ಇತ್ತು. ನಾನು ಡ್ರಾಯರಿನಲ್ಲಿ ಹುಡುಕಿದೆ, ಕಾಗದಗಳ ಕೆಳಗೆ ಹುಡುಕಿದೆ. ಹೊತ್ತು ಕಳೆದರೆ ಅವಳ ಹೆಸರು ಉಳಿಯುತ್ತದೆ. ಮಗು ಅವರ ಕೈಯಲ್ಲಿರುತ್ತದೆ. ಅವಳು ನನ್ನನ್ನೇ ನೋಡುತ್ತಿದ್ದಳು. ಆಮೇಲೆ ಸೀಲನ್ನು ತಾನೇ ನನ್ನ ಕಡೆ ಸರಿಸಿ, 'ಇಲ್ಲೇ ಐತೆ ಮೇಡಂ, ಬೇಗ ಒತ್ತಿ' ಎಂದಳು.

ಒತ್ತಿದೆ. ಮೂರಕ್ಕೆ ಇನ್ನೂ ನಾಲ್ಕು ನಿಮಿಷವಿತ್ತು.