ಆರನೇ ನಂಬರಿನ ಮಂಚ

ಆರು ವರ್ಷ ನಾನು ಘಟ್ಟದ ಮೇಲಿನ ಒಂದು ಹೋಟೆಲಿನಲ್ಲಿ ಕೆಲಸ ಮಾಡಿದೆ. ಕೂತಿದ್ದು ಮಾತ್ರ ಬಸವನಗುಡಿಯಲ್ಲಿ, ಗಾಂಧಿಬಜಾರಿನ ಪಕ್ಕದ ಅಡ್ಡರಸ್ತೆಯಲ್ಲಿ ಪೂಜೆ ಸಾಮಾನು ಮಾರುವ ಒಂದು ಗ್ರಂಧಿಗೆ ಅಂಗಡಿಯ ಮಹಡಿ ಮೇಲೆ. ಹೋಟೆಲು ಇದ್ದದ್ದು ಚಿಕ್ಕಮಗಳೂರು ದಾಟಿ ಇನ್ನೂ ಮುಂದೆ. ನಮ್ಮದು ಅದರ ಬುಕಿಂಗ್ ಆಫೀಸು. ಆಫೀಸು ಎಂದರೆ ನಾನು, ಒಂದು ಮೇಜು, ಎರಡು ಫೋನು, ಒಂದು ರಿಜಿಸ್ಟರು, ಗೋಡೆಗೆ ನೇತುಹಾಕಿದ ಬೆಟ್ಟದ ದೊಡ್ಡ ಫೋಟೋ. ಫೋನಿನಲ್ಲಿ ನಾನು ಕಾಫಿ ಹೂವಿನ ಘಮವನ್ನು ವರ್ಣಿಸುತ್ತಿದ್ದಾಗ ನನ್ನ ಮೂಗಿಗೆ ಬಡಿಯುತ್ತಿದ್ದದ್ದು ಕೆಳಗಿನ ಅಂಗಡಿಯ ಕರ್ಪೂರ.

ಆ ಆರು ವರ್ಷದಲ್ಲಿ ನಾನು ಒಂದು ಸಲವೂ ಹೋಟೆಲನ್ನು ನೋಡಿರಲಿಲ್ಲ. ಯಜಮಾನರು ಕೆಲಸಕ್ಕೆ ತೆಗೆದುಕೊಂಡ ದಿನವೇ ಒಂದು ಅಪ್ಪಣೆ ಕೊಟ್ಟಿದ್ದರು: "ಯಾರೇ ಕೇಳಿದ್ರೂ ಬೆಂಗಳೂರಲ್ಲಿ ಕೂತಿದೀನಿ ಅನ್ಬೇಡಿ. ಜನಕ್ಕೆ ಬೆಟ್ಟದಿಂದಾನೇ ಯಾರೋ ಮಾತಾಡ್ತಿದಾರೆ ಅನ್ನಿಸ್ಬೇಕು." ನಾನು ಸುಳ್ಳು ಹೇಳುವವಳಲ್ಲ. ಆದರೆ ಯಾರೂ ನೇರವಾಗಿ ಕೇಳುತ್ತಿರಲಿಲ್ಲವಲ್ಲ. "ಹೇಗಿದೆಯಮ್ಮ ಅಲ್ಲಿ?" ಎಂದು ಕೇಳುತ್ತಿದ್ದರು, "ತಣ್ಣಗಿದೆ ಸಾರ್" ಎನ್ನುತ್ತಿದ್ದೆ. ಫ್ಯಾನು ತಲೆಯ ಮೇಲೆ ಗರಗರ ತಿರುಗುತ್ತಿತ್ತು.

ದಿನಾ ಬೆಳಿಗ್ಗೆ ಒಂಬತ್ತಕ್ಕೆ ಹೋಟೆಲಿನ ಅಡುಗೆ ಭಟ್ಟರಿಗೆ ಫೋನ್ ಮಾಡಿ ಅಲ್ಲಿಯ ಹವಾಮಾನ ತಿಳಿದುಕೊಳ್ಳುತ್ತಿದ್ದೆ. ನೆಟ್‌ವರ್ಕ್ ಸಿಕ್ಕರೆ ಭಟ್ಟರ ವರದಿ, ಸಿಗದಿದ್ದರೆ ನನ್ನ ಕಲ್ಪನೆ. ಎರಡರಲ್ಲಿ ನನ್ನ ಕಲ್ಪನೆಗೇ ಹೆಚ್ಚು ಬುಕಿಂಗ್ ಬರುತ್ತಿತ್ತು. ಭಟ್ಟರು "ಮಳೆ ಬರ್ತಿದೆ" ಎಂದರೆ ಮುಗಿಯಿತು, ಅದಕ್ಕಿಂತ ಒಂದಕ್ಷರ ಮುಂದೆ ಹೋಗುವ ಮನುಷ್ಯ ಅವರಲ್ಲ.

ಈಗಿನ ಕಾಲದಲ್ಲಿ ಫೋಟೋ, ವಿಡಿಯೋ ಎಲ್ಲ ಮೊಬೈಲಿನಲ್ಲೇ ಸಿಗುತ್ತದೆ, ದುಡ್ಡೂ ಅದರಲ್ಲೇ ಹೋಗುತ್ತದೆ. ಆದರೂ ನಮ್ಮ ಹಳೇ ಬಡಾವಣೆಗಳ ಜನಕ್ಕೆ ಬಾಯಿಬಿಟ್ಟು ನಾಲ್ಕು ಮಾತು ಕೇಳದೆ ರೂಮು ಹಿಡಿದು ಗೊತ್ತಿಲ್ಲ. ಅವರ ಪ್ರಶ್ನೆಗಳಲ್ಲಿ ಬೆಟ್ಟ ಬರುತ್ತಿದ್ದದ್ದು ಕೊನೆಗೆ. ಮಲ್ಲೇಶ್ವರದವರಿಗೆ ಬೆಳಿಗ್ಗೆ ಐದಕ್ಕೆ ಬಿಸಿನೀರು ಬರುತ್ತದೋ ಇಲ್ಲವೋ ಎಂಬುದು ಮುಖ್ಯ. ಬಳೇಪೇಟೆಯ ವ್ಯಾಪಾರದ ಮನೆಯವರೊಬ್ಬರು ಪೂಜೆಗೆ ಕೂರಲು ಮಣೆ ಇದೆಯೇ ಎಂದು ಕೇಳಿ, ಇಲ್ಲವೆಂದ ಮೇಲೆ ಮನೆಯಿಂದಲೇ ಹೊತ್ತುಕೊಂಡು ಹೋದರು. ಚಾಮರಾಜಪೇಟೆಯ ಒಬ್ಬ ಹೆಂಗಸು, ಅಂದರೆ ನನ್ನದೇ ಬೀದಿಯ ಕಡೆಯವರು, "ನೋಡಮ್ಮ, ಡಿಕಾಕ್ಷನ್ ನಾವೇ ತರ್ತೀವಿ, ನಿಮ್ಮ ಭಟ್ಟರಿಗೆ ಹಾಲು ಕಾಯಿಸಿಡೋಕೆ ಹೇಳಿ ಸಾಕು" ಎಂದರು. ಸುತ್ತ ಕಣ್ಣು ಹಾಯಿಸಿದಷ್ಟು ಕಾಫಿ ತೋಟವಿರುವ ಜಾಗಕ್ಕೆ!

ಇವರೆಲ್ಲ ಹೂಂ ಅಥವಾ ಊಹೂಂ ಎನ್ನದೆ ಎಳೆದಾಡುವಾಗ ಕೊನೆಗೆ ನಾನು ಪ್ರಯೋಗಿಸುತ್ತಿದ್ದ ಒಂದು ಮಾತಿತ್ತು. "ಆರನೇ ನಂಬರ್ ರೂಮು ತಗೊಳ್ಳಿ. ಮಲಗಿದಲ್ಲಿಂದಾನೇ ಬೆಟ್ಟ ಕಾಣುತ್ತೆ." ಇದನ್ನು ನನಗೆ ಯಾರೂ ಹೇಳಿಕೊಟ್ಟಿರಲಿಲ್ಲ. ಗೋಡೆಯ ಫೋಟೋದಲ್ಲಿ ಒಂದು ಕಿಟಕಿ, ಕಿಟಕಿಯಾಚೆ ಬೆಟ್ಟ, ಈಚೆ ಮಂಚದ ಒಂದು ಮೂಲೆ ಕಾಣುತ್ತಿತ್ತು. ಮಿಕ್ಕಿದ್ದನ್ನು ನಾನೇ ಸೇರಿಸಿಕೊಂಡಿದ್ದೆ. ಬಹಳ ಒಳ್ಳೆಯ ಮಾತು, ಹತ್ತರಲ್ಲಿ ಎಂಟು ಜನ ಅಲ್ಲೇ ಬೀಳುತ್ತಿದ್ದರು.

ಆ ವರ್ಷ ಮಳೆಗಾಲ ಮುಗಿಯುತ್ತಿದ್ದಾಗ ಒಬ್ಬರು ಫೋನ್ ಮಾಡಿದರು. ದನಿಯಲ್ಲೇ ಮೇಷ್ಟ್ರು ಎಂದು ಗೊತ್ತಾಯಿತು. ನಾನು ಬಿಸಿನೀರು, ಹಾಲು, ಮಣೆಯೆಲ್ಲ ದಾಟಿ ನನ್ನ ಮಾತಿಗೆ ಬಂದೆ. "ಮಲಗಿದಲ್ಲಿಂದಾನೇ?" ಎಂದರು. "ಹೌದು ಸಾರ್. ಈಗ ನೋಡಿ, ನನ್ನ ಕಣ್ಣೆದುರಿಗೇ ಇದೆ ಬೆಟ್ಟ. ತೆಳ್ಳಗೆ ಮಂಜು ಏಳ್ತಾ ಇದೆ." ಸುಳ್ಳಲ್ಲ, ಫೋಟೋ ಎದುರಿಗೇ ಇತ್ತು. ಅದೇ ಹೊತ್ತಿಗೆ ಕೆಳಗೆ ರಸ್ತೆಯಲ್ಲಿ ಸೊಪ್ಪಿನವನು ಗಾಡಿ ತಳ್ಳಿಕೊಂಡು ಬಂದ. "ದಂಟೂ, ಮೆಂತ್ಯಾ, ಸಬ್ಬಕ್ಕೀ... ನಾಳೆ ಬರಲ್ಲಾ!" ಅವನು ಆರು ವರ್ಷದಿಂದ ದಿನಾ ಬಂದು ದಿನಾ ನಾಳೆ ಬರಲ್ಲ ಎಂದು ಕೂಗುತ್ತಿದ್ದ. ಅದು ಸುಳ್ಳೆಂದು ಇಡೀ ಬೀದಿಗೆ ಗೊತ್ತಿತ್ತು, ಆದರೂ ಹೆಂಗಸರು ಒಂದು ಕಟ್ಟು ಹೆಚ್ಚಿಗೇ ತೆಗೆದುಕೊಳ್ಳುತ್ತಿದ್ದರು. ನಾನು ಫೋನಿಗೆ ಕೈ ಅಡ್ಡ ಹಿಡಿದೆ. ಮೇಷ್ಟ್ರು ಯೋಚಿಸಿ ಹೇಳುತ್ತೇನೆಂದು ಫೋನ್ ಇಟ್ಟರು.

ಹತ್ತು ನಿಮಿಷ ಕಳೆದಿರಬಹುದು. ಮತ್ತೆ ಅವರದೇ ಫೋನು.

"ಅಮ್ಮಾ, ನಿಮ್ಮ ಘಟ್ಟದ ಸೊಪ್ಪಿನವನು ಬಹಳ ಚುರುಕು. ಆರೇ ನಿಮಿಷದಲ್ಲಿ ನಮ್ಮನೆ ಬಾಗಿಲಿಗೆ ಬಂದ್ಬಿಟ್ಟ. ಗಾಡಿ ತಳ್ಳೋವ್ನ ವೇಗ, ನಡುವೆ ನಿಲ್ಲೋ ಮನೆಗಳು, ಎಲ್ಲ ಲೆಕ್ಕ ಹಾಕ್ದೆ. ನೀವು ನಮ್ಮನೆಯಿಂದ ಎರಡು ಅಡ್ಡರಸ್ತೆ ಆಚೆ ಇದೀರಿ. ಅಲ್ಲೇ ಇರಿ, ಬರ್ತೀನಿ."

ಓಡಿಹೋಗೋಣವೆಂದರೆ ಇಳಿಯುವುದಕ್ಕೆ ಇದ್ದದ್ದು ಒಂದೇ ಮೆಟ್ಟಿಲು, ಅದರಲ್ಲೇ ಅವರು ಹತ್ತಿ ಬಂದರು. ಸಣಕಲು ದೇಹ, ಇಸ್ತ್ರಿ ಮಾಡಿದ ಷರ್ಟು, ಕೈಯಲ್ಲಿ ಛತ್ರಿ. ಕೂತರು, ಗೋಡೆಯ ಫೋಟೋ ನೋಡಿದರು, ತಲೆಯ ಮೇಲಿನ ಫ್ಯಾನು ನೋಡಿದರು.

"ಮಂಜು ಏಳ್ತಾ ಇದೆ," ಎಂದರು.

ಬೈದಿದ್ದರೆ ತಿರುಗಿ ಏನಾದರೂ ಅನ್ನಬಹುದಿತ್ತು. ಅವರು ನಗುತ್ತಿದ್ದದ್ದರಿಂದ ನನಗೆ ಮೈಯೆಲ್ಲ ಉರಿಯಿತು. "ಎಲ್ಲ ಹೋಟೆಲಿನವರೂ ಹೀಗೇ ಹೇಳೋದು ಸಾರ್, ನಾನೊಬ್ಬಳೇ ಅಲ್ಲ" ಎಂದು ಜೋರಾಗಿಯೇ ಹೇಳಿದೆ. ಅವರು ತಮ್ಮ ವಿಷಯ ಹೇಳಿದರು. ಅವರು ಹೈಸ್ಕೂಲಿನಲ್ಲಿ ಲೆಕ್ಕದ ಮೇಷ್ಟ್ರಾಗಿದ್ದವರು. ಹೆಂಡತಿ ಅದೇ ಸ್ಕೂಲಿನಲ್ಲಿ ಭೂಗೋಳದ ಟೀಚರ್. ಮೂವತ್ತು ವರ್ಷ ಬೋರ್ಡಿನ ಮೇಲೆ ಸೀಮೆಸುಣ್ಣದಲ್ಲಿ ಪಶ್ಚಿಮ ಘಟ್ಟ ಬರೆದು ಬರೆದು ಅಳಿಸಿದವರು, ಒಂದು ಸಲವೂ ಹೋಗಿ ನೋಡಿದವರಲ್ಲ. ರಿಟೈರ್ ಆದ ಮೇಲೆ ಹೋಗೋಣವೆಂದು ಇಟ್ಟುಕೊಂಡಿದ್ದರು. ರಿಟೈರ್ ಆದ ವರ್ಷವೇ ಬೆನ್ನುಮೂಳೆಯ ಆಪರೇಷನ್ ಆಯಿತು. ಈಗ ಕೂರುವುದು ಒಂದು ಹೊತ್ತಿಗೆ ಕಾಲು ಗಂಟೆ, ಮಿಕ್ಕಿದ್ದೆಲ್ಲ ಮಲಗೇ. ಬೆನ್ನಿಗೆ ದಿಂಬು ಕೊಟ್ಟು ಒರಗುವಂತೆಯೂ ಇಲ್ಲ, ಮಗ್ಗುಲಾಗಬಹುದು ಅಷ್ಟೆ.

"ವ್ಯಾನಿನಲ್ಲಿ ಹಾಸಿಗೆ ಹಾಕ್ಕೊಂಡು ನಿಧಾನಕ್ಕೆ ಕರ್ಕೊಂಡು ಹೋಗಬಹುದು ಅಂದಿದಾರೆ ಡಾಕ್ಟ್ರು. ಅಷ್ಟು ದೂರ ಹೋಗಿ ಅಲ್ಲೂ ಅವಳು ಗೋಡೆ ನೋಡ್ಕೊಂಡು ಮಲಗಬಾರದು. ಅದಕ್ಕೇ ಕೇಳ್ತಿದೀನಿ, ಮಲಗಿದಲ್ಲಿಂದ ಬೆಟ್ಟ ಕಾಣುತ್ತೋ ಇಲ್ವೋ?"

ಹತ್ತರಲ್ಲಿ ಎಂಟು ಜನ ಆ ಮಾತಿಗೆ ಬಿದ್ದಿದ್ದರಲ್ಲ, ಅವರೆಲ್ಲ ಹಾಸಿಗೆಯಿಂದ ಎದ್ದು ನಿಲ್ಲಬಲ್ಲವರು. "ಗೊತ್ತಿಲ್ಲ ಸಾರ್. ನಾನು ನೋಡಿಲ್ಲ," ಎಂದೆ. ಆರು ವರ್ಷದಲ್ಲಿ ಆ ಮೇಜಿನ ಹಿಂದೆ ಕೂತು ನಾನು ಹೇಳಿದ ಮೊದಲ ನಿಜ ಅದೇ ಇರಬೇಕು. ಭಟ್ಟರಿಂದ ಫೋಟೋ ತರಿಸುತ್ತೇನೆಂದರೆ ಒಪ್ಪಲಿಲ್ಲ. "ಮೊಬೈಲನ್ನ ಎಲ್ಲಿ ಬೇಕಾದ್ರೂ ಎತ್ತಿ ಹಿಡೀಬಹುದು. ತಲೆ ದಿಂಬಿನ ಮೇಲೇ ಇರಬೇಕು. ನೀವೇ ಹೋಗಿ ಮಲಗಿ ನೋಡಿ, ಕಾಣುತ್ತೆ ಅಂದ್ರೆ ಬರ್ತೀವಿ."

ಯಜಮಾನರಿಗೆ ಹೇಳಿದಾಗ ಮೊದಲು ಕೂಗಾಡಿದರು. ಬೆಂಗಳೂರಿನಲ್ಲಿರುವುದು ಗೊತ್ತಾಗಿಹೋಯಿತಲ್ಲ ಎಂಬುದೇ ಅವರಿಗೆ ದೊಡ್ಡ ಸಂಕಟ. ಆಮೇಲೆ, "ಆರು ವರ್ಷದಿಂದ ನೀವು ಹೋಗೇ ಇಲ್ವಾ?" ಎಂದರು. ನೀವು ಕಳಿಸಿದ್ದು ಯಾವಾಗ ಎಂದು ಕೇಳಬೇಕೆನ್ನಿಸಿತು. ಮರುದಿನ ಬೆಳಗಿನ ಬಸ್ಸಿಗೆ ನನ್ನನ್ನು ಹತ್ತಿಸಿದರು.

ಮಧ್ಯಾಹ್ನ ಮೂರಕ್ಕೆ ಹೋಟೆಲು ತಲುಪಿದೆ. ದನಿಯಲ್ಲೇ ಪರಿಚಯವಿದ್ದ ಭಟ್ಟರು ಬಾಗಿಲಲ್ಲಿ ನಿಂತಿದ್ದರು. "ಬಂದ್ರಾ," ಎಂದರು, ಅಷ್ಟೇ. ಬ್ಯಾಗು ಇಟ್ಟವಳೇ ಆರನೇ ನಂಬರಿಗೆ ಹೋಗಿ, ಚಪ್ಪಲಿ ಬಿಟ್ಟು, ಮಂಚದ ಮೇಲೆ ಕಿಟಕಿಯ ಕಡೆ ಮಗ್ಗುಲಾಗಿ ಮಲಗಿದೆ.

ಒಂದಿಷ್ಟು ಆಕಾಶ ಕಾಣಿಸಿತು. ಒಂದು ಸಿಲ್ವರ್ ಓಕ್ ಮರದ ತುದಿ, ಕಿಟಕಿಯ ಕಟ್ಟೆಯ ಮೇಲೆ ಒಂದು ಇರುವೆ. ಬೆಟ್ಟವಿಲ್ಲ. ಎದ್ದು ಕೂತರೆ ಬೆಟ್ಟ ಇತ್ತು, ಮಲಗಿದರೆ ಹೋಗುತ್ತಿತ್ತು. ಎದ್ದೆ, ಮಲಗಿದೆ, ಮತ್ತೆ ಎದ್ದೆ. ಭಟ್ಟರು ಬಾಗಿಲಲ್ಲಿ ನಿಂತು ನೋಡುತ್ತಿದ್ದವರು ಪಾಪ, ಬಸ್ಸಿನಲ್ಲಿ ತಲೆ ಸುತ್ತಿರಬೇಕೆಂದುಕೊಂಡು ನಿಂಬೆಹಣ್ಣಿನ ಪಾನಕ ತಂದರು.

ನನಗೆ ಅಳುವೇ ಬಂತು. ಕಾಣುವುದಿಲ್ಲವೆಂದು ಹೇಳಿಬಿಡೋಣ ಎಂದುಕೊಂಡೇ ಮೇಷ್ಟ್ರಿಗೆ ಫೋನ್ ಮಾಡಿದೆ. ಅವರಿಗೆ ಬೇಜಾರೇ ಆಗಲಿಲ್ಲ. "ಟೇಪ್ ಇದೆಯಾ? ಅಳೀರಿ" ಎಂದರು. ನಾನೂ ಭಟ್ಟರೂ ಸೇರಿ ಅಳೆದು ಹೇಳಿದೆವು: ಕಿಟಕಿಯ ಕಟ್ಟೆ ನೆಲದಿಂದ ಮೂರಡಿ, ದಿಂಬಿನ ಮೇಲೆ ನನ್ನ ಕಣ್ಣು ಎರಡಡಿ, ಮಂಚದಿಂದ ಕಿಟಕಿಗೆ ಆರಡಿ. ಮಂಚವನ್ನು ಕಿಟಕಿಯ ಹತ್ತಿರ ಎಳೆದರೆ ಹೇಗೆ ಎಂದು ನನ್ನ ಬುದ್ಧಿವಂತಿಕೆ ತೋರಿಸಿದೆ. "ಎಳೆದ್ರೆ ಇನ್ನೂ ಕಾಣಲ್ಲ. ಹತ್ತನೇ ಕ್ಲಾಸು ಯಾವ ಸ್ಕೂಲಲ್ಲಿ ಓದಿದ್ದು ನೀವು?" ಎಂದರು. ಪೇಪರಿನ ಮೇಲೆ ಪೆನ್ಸಿಲ್ ಓಡುವ ಸದ್ದು ಕೇಳಿಸಿತು. "ಒಂದು ಅಡಿ. ಮಂಚ ಒಂದೇ ಅಡಿ ಎತ್ತರಿಸಿ. ಬುಡದಿಂದ ಕಾಣುತ್ತೆ."

ಹಿಂದಿನ ಶೆಡ್ಡಿನಿಂದ ಸಿಮೆಂಟ್ ಇಟ್ಟಿಗೆ ಹೊತ್ತು ತಂದೆವು. ಒಂದೊಂದು ಕಾಲನ್ನು ಎತ್ತಿ ಇಟ್ಟಿಗೆ ಜೋಡಿಸುವಷ್ಟರಲ್ಲಿ ನನ್ನ ಬೆನ್ನೂ ಆಪರೇಷನ್ನಿಗೆ ಬಂದಿತ್ತು. ಭಟ್ಟರು ತಾವೇ ಹತ್ತಿ ಹೊರಳಾಡಿ ಮಂಚ ಅಲುಗುವುದಿಲ್ಲವೆಂದು ಖಾತ್ರಿ ಮಾಡಿಕೊಂಡು, ಕಾಲಿಡಲು ಅಡುಗೆಮನೆಯ ತಗ್ಗು ಸ್ಟೂಲನ್ನು ತಂದಿಟ್ಟರು. ಹೊಲ ಕಾಯುವ ಅಟ್ಟಣೆಯ ಹಾಗೆ ಕಾಣುತ್ತಿತ್ತು ಮಂಚ.

ನಾನು ಹತ್ತಿ ಮಲಗಿದೆ. ಬೆಟ್ಟ ಬಂದು ಕಿಟಕಿಯಲ್ಲಿ ಕೂತಿತ್ತು.

ಆರು ವರ್ಷ ನಾನು ಮಾರಿದ ಬೆಟ್ಟ ಅದಲ್ಲವೇ ಅಲ್ಲ. ನಾನು ಹೇಳುತ್ತಿದ್ದದ್ದು ಫೋಟೋದ ಮಾಸಿದ ಹಸಿರನ್ನು ನೋಡಿ ಊಹಿಸಿಕೊಂಡ, ಕಾಡು ತುಂಬಿದ ಬೆಟ್ಟ. ಇದರ ತಲೆ ಬೋಳು, ಬರೀ ಹುಲ್ಲು, ಗಾಳಿ ಬಂದಾಗ ಆ ಹುಲ್ಲು ಇಡೀ ಬೆಟ್ಟದ ಉದ್ದಕ್ಕೂ ಬಗ್ಗಿ ಏಳುತ್ತಿತ್ತು. ಕಾಡೇನಿದ್ದರೂ ಕೆಳಗಿನ ಮಡಿಕೆಗಳಲ್ಲಿ, ಕಪ್ಪಗೆ. ಎಡಗಡೆ ಒಂದು ನೀರಿನ ಗೆರೆ. ನನಗೆ ನಾಚಿಕೆಯಾಯಿತು, ಸಂತೋಷವೂ ಆಯಿತು. ಸಂಜೆಯವರೆಗೆ ಅಲ್ಲೇ ಮಲಗಿದ್ದೆ. ಕೊನೆಗೆ ಭಟ್ಟರು ಬಂದು ತಿಂಡಿ ಆರಿಹೋಗುತ್ತದೆಂದು ಎಬ್ಬಿಸಿದರು.

ಮುಂದಿನ ವಾರ ಮೇಷ್ಟ್ರು ಮತ್ತು ಟೀಚರ್ ವ್ಯಾನಿನಲ್ಲಿ ಹೊರಟರು. ನಾನು ಹೋಗಿ ಬೀಳ್ಕೊಟ್ಟೆ. ಟೀಚರನ್ನು ಕಂಡದ್ದು ಅದೇ ಮೊದಲು, ಹಾಸಿಗೆಯ ಮೇಲೆ ಮಲಗಿಯೇ ನನ್ನ ಕೈ ಹಿಡಿದು, "ನನಗೋಸ್ಕರ ಇಟ್ಟಿಗೆ ಹೊತ್ತೆಯಂತೆ" ಎಂದರು. ಮೂರು ದಿನದ ಬುಕಿಂಗು. ಅವತ್ತಿನಿಂದಲೇ ನೆಟ್‌ವರ್ಕ್ ಹೋಯಿತು, ಭಟ್ಟರು ಸಿಗಲಿಲ್ಲ. ಬೆಟ್ಟ ಕಂಡಿತೋ ಇಲ್ಲವೋ ಎಂದು ನಾನು ಒದ್ದಾಡಿಹೋದೆ. ಬೇರೆಯವರು ಫೋನ್ ಮಾಡಿ "ಹೇಗಿದೆ ಅಲ್ಲಿ?" ಎಂದರೆ "ನನಗೇನು ಗೊತ್ತು, ನಾನಿರೋದು ಗಾಂಧಿಬಜಾರಲ್ಲಿ" ಎಂದು ಸಿಡುಕಿಬಿಟ್ಟೆ.

ಮೂರನೆಯ ದಿನ ಬೆಳಿಗ್ಗೆ ಹನ್ನೊಂದಕ್ಕೆ ಫೋನು ಬಂತು.

"ಹಲೋ, ಗಾಂಧಿಬಜಾರಾ? ನಾನು ಘಟ್ಟದಿಂದ ಮಾತಾಡ್ತಿದೀನಿ," ಎಂದರು ಟೀಚರ್.

"ಕಾಣ್ತಿದೆಯಾ ಟೀಚರ್?"

"ಕಣ್ಣೆದುರಿಗೇ ಇದೆ ಕಣಮ್ಮ. ತುದೀಲಿ ಒಂದು ಮರ ಇಲ್ಲ, ಬರೀ ಹುಲ್ಲು. ಆ ಗಾಳಿಗೆ ಮರ ನಿಲ್ಲಲ್ಲ ನೋಡು. ಕಾಡೆಲ್ಲ ಮಡಿಕೆಗಳಲ್ಲಿ ಅಡಗಿ ಕೂತಿದೆ." ಹಿಂದಿನಿಂದ ಮೇಷ್ಟ್ರ ಪಿಸುದನಿ, "ಎಡಗಡೆ ನೀರು ಹೇಳೇ". "ಹಾಂ, ಎಡಗಡೆ ನೀರಿನ ಗೆರೆ ಇದೆ."

ಒಂದೂ ತಪ್ಪಿರಲಿಲ್ಲ. ನಾನು ಕಂಡದ್ದೇ ಅವರಿಗೂ ಕಂಡಿದೆಯೆಂದುಕೊಂಡೆ. ಆಗ ಆ ಕಡೆ ಬಾಗಿಲು ತೆರೆದ ಸದ್ದಾಯಿತು, ಒಂದಕ್ಷರವೂ ಹೆಚ್ಚಿಗೆ ಮಾತಾಡದ ನಮ್ಮ ಭಟ್ಟರ ದನಿ ಕೇಳಿಸಿತು.

"ಅಮ್ಮಾ, ಕಿಟಕಿ ಹಾಕ್ಬಿಡ್ಲಾ? ಮಂಜು ಹಾಸಿಗೆ ಮೇಲೇ ಬರ್ತಾ ಇದೆ. ಮೂರು ದಿನ ಆಯ್ತು, ಎದುರಿನ ಮರಾನೇ ಕಾಣಿಸ್ಲಿಲ್ಲ."

ನೀರಿನ ಗೆರೆಯನ್ನು ನಾನೇ ಮೇಷ್ಟ್ರಿಗೆ ವರ್ಣಿಸಿದ್ದೆನೆಂಬುದು ನೆನಪಾಯಿತು. ಮಿಕ್ಕಿದ್ದು ಟೀಚರ್ ಮೂವತ್ತು ವರ್ಷ ಮಕ್ಕಳಿಗೆ ಹೇಳಿಕೊಟ್ಟ ಪಾಠ. ಅಷ್ಟರಲ್ಲಿ ಕೆಳಗೆ ಸೊಪ್ಪಿನವನು ಬಂದ. "ದಂಟೂ, ಮೆಂತ್ಯಾ, ಸಬ್ಬಕ್ಕೀ... ನಾಳೆ ಬರಲ್ಲಾ!"

ಮೊದಲು ನಕ್ಕದ್ದು ಟೀಚರ್. ಆಮೇಲೆ ಮೇಷ್ಟ್ರು, ಆಮೇಲೆ ನಾನು. ನಗುತ್ತಲೇ ಕಣ್ಣೊರೆಸಿಕೊಂಡೆ.

"ಟೀಚರ್, ಜನವರೀಲಿ ಇನ್ನೂ ಚೆನ್ನಾಗಿ ಕಾಣುತ್ತೆ," ಎಂದೆ.

"ಹಾಗಾದ್ರೆ ಆರನೇ ನಂಬರೇ ಬರ್ಕೊಂಬಿಡಮ್ಮ," ಎಂದರು ಅವರು. "ಇಟ್ಟಿಗೆ ಮಾತ್ರ ತೆಗೀಬೇಡಿ."