ಒದ್ದೆ ಹುಲ್ಲಿನ ಮೇಲೆ ಎಳೆದ ಬಟ್ಟೆ

ಕಾಡಿನಲ್ಲಿ ಕೋತಿ ಸತ್ತುಬಿದ್ದರೆ ಜನ ಮೊದಲು ಹುಡುಕುತ್ತಿದ್ದುದು ಉಣ್ಣೆಯಣ್ಣನನ್ನು. ರೋಗ ಪತ್ತೆಯ ಪ್ರಯೋಗಾಲಯದಲ್ಲಿ ಇಪ್ಪತ್ತೆರಡು ವರ್ಷದಿಂದ ಅವನದು ಅದೇ ಕೆಲಸ. ಕೋತಿ ಸತ್ತ ಜಾಗದಲ್ಲಿ ಬಿಳಿ ಬಟ್ಟೆಯನ್ನು ನೆಲದ ಮೇಲೆ ಎಳೆಯುತ್ತ ನಡೆದು, ಹತ್ತು ಹೆಜ್ಜೆಗೊಮ್ಮೆ ಅದನ್ನು ಮಗುಚಿ, ಅಂಟಿದ ಉಣ್ಣೆಗಳನ್ನು, ರಕ್ತ ಹೀರುವ ಆ ಸಣ್ಣ ಹುಳುಗಳನ್ನು, ಚಿಮುಟದಿಂದ ಹೆಕ್ಕಿ ಸೀಸೆಗೆ ಹಾಕಬೇಕು. ಅವುಗಳಲ್ಲಿ ಮಂಗನ ಕಾಯಿಲೆಯ ಜ್ವರದ ವೈರಸ್ ಇದೆಯೇ ಎಂದು ಪ್ರಯೋಗಾಲಯದವರು ನೋಡುತ್ತಿದ್ದರು. ಸಂಜೆ ಹೆಂಡತಿ ಅವನನ್ನು ಹಿತ್ತಲಲ್ಲೇ ನಿಲ್ಲಿಸಿ, ಕಿವಿಯ ಹಿಂದೆ, ಕಂಕುಳಲ್ಲಿ ತಡಕಿ ನೋಡಿಯೇ ಒಳಗೆ ಬಿಡುತ್ತಿದ್ದಳು. "ಗಂಡನ್ನ ಇಷ್ಟು ಅಕ್ಕರೆಯಿಂದ ಯಾರೂ ನೋಡಲ್ಲ ಬಿಡು" ಎಂದು ಅವನು ಹಲ್ಲು ಕಿರಿಯುತ್ತಿದ್ದ.

ಇಬ್ಬನಿ ಆರುವ ತನಕ ಬಟ್ಟೆ ಎಳೆಯಬಾರದು. ಒದ್ದೆ ಬಟ್ಟೆಗೆ ಉಣ್ಣೆ ಹತ್ತುವುದಿಲ್ಲ. ಹೊಸಬರಿಗೆ ಇದನ್ನು ಗಿಳಿಪಾಠದಂತೆ ಒಪ್ಪಿಸಲು ಹೇಳುತ್ತಿದ್ದವನೂ ಅವನೇ. ಆದರೆ ಒಂದು ದಿನ ಹತ್ತು ಗಂಟೆಗೆ ಟಿ.ವಿ.ಯಲ್ಲಿ ಪಂದ್ಯವಿತ್ತು. ಮಹಾರಾಯ ಊರ ಪಕ್ಕದ ಕಾಡಿನಲ್ಲಿ ಕೋತಿ ಸತ್ತ ಜಾಗಕ್ಕೆ ಏಳಕ್ಕೇ ಹೋಗಿ ಒದ್ದೆ ಹುಲ್ಲಿನ ಮೇಲೆ ಗಡಿಬಿಡಿಯಲ್ಲಿ ಬಟ್ಟೆ ಎಳೆದ. ಒಂದೂ ಸಿಗಲಿಲ್ಲ. ಚೀಟಿಯಲ್ಲಿ ಸೊನ್ನೆ ಬರೆದು ಮನೆ ಸೇರಿದ. ಆ ಸೊನ್ನೆ ನಂಬಿ ವಾರದೊಳಗೆ, ಕಾಡಿಗೆ ಹೋಗಬೇಡಿ ಎಂದು ಅಲ್ಲಿ ಹಾಕಿದ್ದ ಎಚ್ಚರಿಕೆಯ ಫಲಕ ತೆಗೆದರು.

"ಸೌದೆಗೆ ಅಲ್ಲಿಗೆ ಹೋಗ್ಲೇನೋ?" ಅವನ ಅಕ್ಕ ಕೇಳಿದಳು.

"ಧೈರ್ಯವಾಗಿ ಹೋಗಕ್ಕ. ನಾನೇ ನೋಡಿದೀನಿ."

ಹತ್ತೇ ದಿನಕ್ಕೆ ಅಕ್ಕ ಸುಡುವ ಜ್ವರದಲ್ಲಿ ಆಸ್ಪತ್ರೆ ಸೇರಿದಳು. ಒಸಡಿನಿಂದ ರಕ್ತ ಒಸರುತ್ತಿತ್ತು. ಅವನು ಐದು ದಿನ ಅವಳ ಪಕ್ಕದಲ್ಲೇ ಕೂತ, ಕಾಲು ಒತ್ತಿದ, ಬಾಯಿ ಮಾತ್ರ ಬಿಡಲಿಲ್ಲ. ನಾಚಿಕೆಗಿಂತ ಹೆದರಿಕೆಯೇ ಹೆಚ್ಚಾಗಿತ್ತು.

ಆರನೇ ದಿನ ಜ್ವರ ಇಳಿದಿತ್ತು. ಪ್ರಯೋಗಾಲಯದ ಅಧಿಕಾರಿ ಬಂದು, ಕಾಡಿನಲ್ಲಿ ಎಲ್ಲಿಗೆ ಹೋಗಿದ್ದಿರಿ ಎಂದು ಅವಳನ್ನು ಕೇಳಿದರು.

"ನನ್ನ ತಮ್ಮ ನೋಡಿದ ಜಾಗಕ್ಕೇ ಸಾರ್. ಆದ್ರೆ ಅಲ್ಲಿ ಉಣ್ಣೆ ಇರೋಕೆ ಸಾಧ್ಯಾನೇ ಇಲ್ಲ. ನಾನೇ ಗೊತ್ತಾಗ್ದೆ ಆಚೆ ದಾಟಿರ್ಬೇಕು."

ಅಧಿಕಾರಿ ಅದನ್ನೇ ಬರೆದುಕೊಳ್ಳತೊಡಗಿದರು. ಸುಮ್ಮನಿದ್ದರೆ ಅವನು ಬಚಾವು. ಆದರೆ ಫಲಕ ಮತ್ತೆ ಹಾಕುವುದಿಲ್ಲ, ನಾಳೆಯೂ ಜನ ಅಲ್ಲಿಗೇ ಹೋಗುತ್ತಾರೆ.

"ಬರೀಬೇಡಿ ಸಾರ್. ತಪ್ಪು ನಂದು" ಎಂದ. ಇಬ್ಬನಿ, ಪಂದ್ಯ, ಸೊನ್ನೆ ಎಲ್ಲವನ್ನೂ ತಲೆ ತಗ್ಗಿಸಿಕೊಂಡೇ ಹೇಳಿದ.

ಅಕ್ಕ ಬೈಯಲಿಲ್ಲ. ಬೈದಿದ್ದರೆ ಅವನ ಎದೆ ಎಷ್ಟೋ ಹಗುರಾಗುತ್ತಿತ್ತು. ಮೊಣಕೈ ಊರಿ ಏಳಲು ನೋಡಿದಳು.

"ನಾನೊಬ್ಬಳೇ ಹೋಗಿಲ್ವೋ. ಪಕ್ಕದ ಮನೆ ಬಸುರಿ ಹುಡುಗಿ ಭಯ ಆಗುತ್ತೆ, ಬರಲ್ಲ ಅಂದ್ಲು. ನನ್ನ ತಮ್ಮ ನೋಡಿದಾನೆ ಬಾರೇ ಅಂತ ನಾನೇ ಕೈ ಹಿಡಿದು ಕರ್ಕೊಂಡು ಹೋದೆ."

ಆ ಹುಡುಗಿ ಈಗ ಹೇಗಿದ್ದಾಳೋ ನೋಡಲು ಅವನು ಆಗಲೇ ಬಾಗಿಲು ದಾಟಿದ್ದ.