ಕೊಕ್ಕಿಲ್ಲದ ನವಿಲು, ಆರು ಖಾನೆ

ನಾನು ಶಾಲೆಯಲ್ಲಿ ಓದಿದ್ದು ಏಳನೇ ಕ್ಲಾಸಿನವರೆಗೆ. ಈಗ ದಿನಾ ಬೆಳಿಗ್ಗೆ ಮಗ್ಗಕ್ಕೆ ಕೈ ಹಾಕುವ ಮೊದಲು ಓದುವುದು ಈಮೇಲು. ದೊಡ್ಡಬಳ್ಳಾಪುರದಲ್ಲಿ ನಾಲ್ಕು ಪವರ್‌ಲೂಮ್ ಓಡಿಸುತ್ತೇನೆ. ಸೀರೆ ಅಂಚಿನ ಡಿಸೈನನ್ನು ಒಂದು ಓಪನ್ ಸೋರ್ಸ್ ತಂತ್ರಾಂಶದಲ್ಲಿ ಬರೆಯುತ್ತೇನೆ. ಯಾರ್ಯಾರೋ ಪುಣ್ಯಾತ್ಮರು ಸೇರಿ ಮಾಡಿ ಪುಕ್ಕಟೆ ಕೊಟ್ಟದ್ದು. ಏನಾದರೂ ಕೆಟ್ಟರೆ ಒಂದೇ ಈಮೇಲ್ ವಿಳಾಸಕ್ಕೆ ಪತ್ರ ಬರೆದರಾಯಿತು, ಗುಂಪಿಗೆಲ್ಲ ತಲುಪುತ್ತದೆ. ಇದಕ್ಕೆ ಪತ್ರದ ಪಟ್ಟಿ ಅನ್ನುತ್ತಾರೆ. ಮಗ್ಗದ ಮನೆಯಲ್ಲೂ ಹಾಗೇ. ಎಳೆ ಕಿತ್ತುಹೋದರೆ ಕೂಗುತ್ತೇವೆ, ಹತ್ತಿರವಿದ್ದವರು ಬಂದು ಗಂಟು ಹಾಕುತ್ತಾರೆ. ಅರ್ಜಿ ಕೊಡು ಅನ್ನುವುದಿಲ್ಲ.

ಈಗ ಗುಂಪಿನ ಹಿರಿಯರು ದೂರುಗಳಿಗೆಂದೇ ವೆಬ್‌ಸೈಟು ಮಾಡಿದ್ದಾರೆ. ತಿಂಗಳ ಕೊನೆಗೆ ಪತ್ರದ ಪಟ್ಟಿ ಬಂದ್ ಅಂತೆ.

ಅದೇ ಹೊತ್ತಿಗೆ ಮದುವೆ ಆರ್ಡರಿನ ಮೊದಲ ಸೀರೆಯನ್ನು ನನ್ನ ಹೆಂಡತಿ ಜಯಮ್ಮ ಬಿಡಿಸಿ ನೋಡಿದಳು. "ರೀ, ನವಿಲಿನ ಕೊಕ್ಕೆಲ್ಲಿ? ಕೋಳಿ ಇದ್ದಂಗೈತಲ್ಲ!" ಚಿತ್ರದ ತುದಿಯ ನಾಲ್ಕೆಳೆಯನ್ನು ತಂತ್ರಾಂಶ ನುಂಗಿತ್ತು. ಎರಡು ಮಗ್ಗ ನಿಲ್ಲಿಸಿದೆ.

ವೆಬ್‌ಸೈಟಿನಲ್ಲಿ ದೂರು ಕೊಡಲು ಆರು ಖಾನೆ ತುಂಬಬೇಕು. "ತೀವ್ರತೆ" ಎಂಬಲ್ಲಿ "ಅಲ್ಪ" ಒತ್ತಿದೆ. ನಮ್ಮಲ್ಲಿ ಕಷ್ಟ ಹೇಳಿಕೊಳ್ಳುವಾಗ "ಏನಿಲ್ಲ, ಸ್ವಲ್ಪ ತೊಂದರೆ" ಎಂದು ಶುರು ಮಾಡುವುದೇ ಮರ್ಯಾದೆ. ಮಿಕ್ಕಿದ್ದನ್ನು ಎದುರಿನವರು ಮುಖ ನೋಡಿ ತಿಳಿಯುತ್ತಾರೆ. ವೆಬ್‌ಸೈಟಿಗೆ ನನ್ನ ಮುಖ ಎಲ್ಲಿ ಕಾಣಬೇಕು? ನವಿಲು ದೂರುಗಳ ಸಾಲಿನ ಕಟ್ಟಕಡೆಗೆ ಹೋಗಿ ಕೂತಿತು.

ಒಂದು ವಾರ ಕಾದು ಹಳೆಯ ಪಟ್ಟಿಗೇ ಬರೆದೆ: "ಸ್ವಾಮಿ, ನವಿಲಿಗೆ ಕೊಕ್ಕಿಲ್ಲ. ಎರಡು ಮಗ್ಗ ನಿಂತಿವೆ." ಗುಂಪಿನಲ್ಲಿರುವ ಜಡಿಗೇನಹಳ್ಳಿಯ ಮೇಷ್ಟ್ರೊಬ್ಬರು ಫೋನ್ ಮಾಡಿಯೇ ಬಿಟ್ಟರು. "ಏನಪ್ಪಾ, ಮಗ್ಗ ನಿಂತ್ರೆ ಅಲ್ಪಾನಾ? ಫೈಲ್ ಕಳ್ಸು ಮೊದ್ಲು." ಸಂಜೆಯೊಳಗೆ ಕೊಕ್ಕು ಬಂತು, ಮಗ್ಗ ಸದ್ದು ಮಾಡಿತು.

ಸುಳ್ಳೇಕೆ, ಇದೇ ದೋಷವನ್ನು ನಾಲ್ಕು ವರ್ಷದ ಹಿಂದೆ ನಾನೇ ಪಟ್ಟಿಗೆ ಬರೆದಿದ್ದೆನಂತೆ. ಆಗ ಹೋದದ್ದು ಗಿಳಿಯ ಬಾಲ. ಪತ್ರ ರಾಶಿಯಲ್ಲಿ ಹೂತುಹೋಯಿತು, ನಾನೂ ಮರೆತೆ. ಮೇಷ್ಟ್ರು ಹುಡುಕಿ ತೆಗೆದು, "ವೆಬ್‌ಸೈಟ್ ಆಗಿದ್ರೆ ಮರೀತಿರ್ಲಿಲ್ಲ ಕಣಪ್ಪಾ" ಎಂದು ಚುಚ್ಚಿದರು. ನಿಜವೇ. ಆದರೆ ಎಲ್ಲವನ್ನೂ ನೆನಪಿಟ್ಟುಕೊಂಡು ಸುಮ್ಮನೆ ಕೂರುವವರಿಗಿಂತ, ಮರೆತಿದ್ದರೂ ಕೂಗಿಗೆ ಎದ್ದು ಬರುವವರೇ ನನಗೆ ಮೇಲು.

ಪಟ್ಟಿ ಮುಚ್ಚುವವರಿಗೆ ನಿನ್ನೆ ಉತ್ತರ ಬರೆದಿದ್ದೇನೆ. ಧಾರಾಳವಾಗಿ ಮುಚ್ಚಿ. ನಿಮ್ಮೆಲ್ಲರ ವಿಳಾಸ ಒಂದೊಂದಾಗಿ ಬರೆದಿಟ್ಟುಕೊಂಡಿದ್ದೇನೆ. ಮುಂದಿನ ಸಲ ನಿಮ್ಮ ಆರು ಖಾನೆಯನ್ನೂ ತುಂಬುತ್ತೇನೆ, ಮರ್ಯಾದೆ ಬಿಟ್ಟು "ಅತಿ ತೀವ್ರ" ಎಂದೇ ಒತ್ತುತ್ತೇನೆ.

ಒತ್ತಿದ ಮೇಲೆ, ಎಂದಿನಂತೆ, ಕೂಗುತ್ತೇನೆ.